ಏಳು ಚೌಕದವರು ಒಳಗೆ ಬನ್ನಿ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಹಿಂದೆ ಕೂತು ಸರದಿ ಕೂಗುವ ಹೆಂಗಸನ್ನು ಎಲ್ಲರೂ ಕಂಚಕ್ಕ ಅಂತಲೇ ಕರೆಯುತ್ತಿದ್ದರು. ಕಂಚಿನ ಕಂಠ. ಆಕೆ ಹೆಸರು ಕೂಗಿದರೆ ಎದುರು ಅಂಗಡಿಯಲ್ಲಿ ಚಪ್ಪಲಿ ಹಾಕಿ ನೋಡುತ್ತಿದ್ದವರೂ ಒಂಟಿ ಕಾಲಲ್ಲಿ ಎದ್ದು ನಿಲ್ಲುತ್ತಿದ್ದರು. ಅಂಥ ಬಾಯಿ ಮೆತ್ತಗಾಗುತ್ತಿದ್ದದ್ದು ಅಳಿಯನ ಮುಂದೆ ಮಾತ್ರ. ಮಗಳ ಮದುವೆಯಾಗಿ ಮೂರು ವರ್ಷವಾದರೂ "ಕೂತ್ಕೊಳ್ಳಿ", "ಇನ್ನೂ ಸ್ವಲ್ಪ ಬಡಿಸ್ಲಾ?" ಇಷ್ಟೇ ಮಾತು. ಅವನೂ "ಹೂಂ", "ಸಾಕು" ಅಂದು ಗೋಡೆ ನೋಡುತ್ತಿದ್ದ.

ಅಳಿಯನದು ಕಂಪ್ಯೂಟರ್ ರಿಪೇರಿ ಕೆಲಸ. ಡಾಕ್ಟರು ಹಳೇ ಕಂಪ್ಯೂಟರ್ ಬದಲಾಯಿಸಬೇಕು ಅಂದಾಗ ಕಂಚಕ್ಕ ಬಿಟ್ಟಾಳೆಯೇ? "ನಮ್ಮ ಅಳಿಯಂದಿರಿದ್ದಾರಲ್ಲ ಸಾರ್, ಅವರು ಕೈ ಇಟ್ರೆ ಮುಗೀತು!" ಅಂದಳು.

ಅವನು ಹಳೇದಕ್ಕೇ ಕೈ ಇಟ್ಟ. ಇನ್ನು ಮೇಲೆ ರೋಗಿಗಳು ಮೊಬೈಲಿನಲ್ಲೇ ಹೆಸರು ಬರೆದು ಸರದಿ ಹಿಡಿಯಬಹುದು. ಹೆಸರು ಮೇಜಿನ ಕಂಪ್ಯೂಟರಿನಲ್ಲೂ ಗೋಡೆಯ ಟೀವಿಯಲ್ಲೂ ಬರುತ್ತದೆ. ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆದು ನೋಡಿದ, ಬಂತು, ಹೊರಟುಹೋದ. ಮರುದಿನ ಊರವರು ತಮ್ಮ ಲಿಪಿಯಲ್ಲಿ ಹೆಸರು ಬರೆದರು. ಟೀವಿಯಲ್ಲೂ ಕಂಪ್ಯೂಟರಿನಲ್ಲೂ ಬರೀ ಖಾಲಿ ಚೌಕಗಳು, ಅಕ್ಷರವೇ ಇಲ್ಲ.

"ಇದೇನಮ್ಮ, ಕಿಟಕಿ ಸಾಲು?" ಅಂತ ಯಾರೋ ಕೇಳಿದರು.

ಅಳಿಯನ ಮರ್ಯಾದೆ ಪ್ರಶ್ನೆ. ಕಂಚಕ್ಕ ಕಣ್ಣು ಮಿಟುಕಿಸದೆ ಹೇಳಿದಳು: "ಹೊಸ ಪದ್ಧತಿ. ಯಾರ ಹಲ್ಲು ಹುಳುಕು ಅಂತ ಊರಿಗೆಲ್ಲ ಯಾಕೆ ಗೊತ್ತಾಗ್ಬೇಕು? ಹೆಸರು ಗುಟ್ಟು. ನಿಮ್ಮ ಚೌಕ ನೀವೇ ಎಣಿಸಿಕೊಳ್ಳಿ."

ಎಣಿಸುವುದು ಸುಲಭವಿರಲಿಲ್ಲ. ಅಕ್ಷರಕ್ಕೊಂದು ಚೌಕ, ಕೊಂಬಿಗೊಂದು, ಒತ್ತಿಗೆ ಎರಡು. ಕಾಯುವ ಬೆಂಚುಗಳ ಮೇಲೆ ಊದಿದ ಕೆನ್ನೆಯವರೆಲ್ಲ ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ಮೂರಕ್ಷರದ ಹೆಸರಿನವನೊಬ್ಬ ತನಗೆ ಏಳು ಚೌಕ ಬಂತೆಂದು ಬೀಗಿದ. ಅವನು ಬಸ್ ಡ್ರೈವರ್, ಹಲ್ಲು ತೊಳೆಸಿಕೊಳ್ಳಲು ಬಂದಿದ್ದ. ದವಡೆ ಹಲ್ಲು ಕೀಳಿಸಬೇಕಾಗಿದ್ದ ಟೈಲರಮ್ಮನಿಗೂ ಏಳೇ ಚೌಕ.

"ಏಳು ಚೌಕದವರು ಒಳಗೆ ಬನ್ನಿ!" ಅಂದಳು ಕಂಚಕ್ಕ.

ಡ್ರೈವರ್ ನುಗ್ಗಿದ. ಕುರ್ಚಿಯಲ್ಲಿ ಒರಗಿ ಬಾಯಿ ತೆರೆದದ್ದೇ ತಡ, ಏಳು ಚೌಕಕ್ಕೆ ಹಲ್ಲು ಕೀಳಬೇಕು ಅಂತಷ್ಟೇ ಗೊತ್ತಿದ್ದ ಡಾಕ್ಟರು ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿದರು. ಆಮೇಲೆ ಅವನು ಎಷ್ಟು ಬಡಬಡಿಸಿದರೂ ನಾಲಿಗೆ ಹೊರಳಲಿಲ್ಲ. ಇಕ್ಕಳ ಕಂಡಾಗ ಮಾತ್ರ ಕುರ್ಚಿಯಿಂದ ಹಾರಿ, ಜೊಲ್ಲು ಸುರಿಸುತ್ತ ಹೊರಗೋಡಿ ಬಂದು, ಕಂಚಕ್ಕನ ಮೇಜು ಗುದ್ದಿ, "ಬ್ವಬ್ವಬ್ವ!" ಅಂದ. ಅರ್ಥ ಎಲ್ಲರಿಗೂ ಆಯಿತು.

ಫೋನ್ ಹೋಯಿತು, ಅದರಲ್ಲಿ ಹೊಸ ಪದ್ಧತಿಯ ಕತೆಯೂ ಹೋಯಿತು. ಅಳಿಯ ಓಡೋಡಿ ಬಂದು ಕಂಪ್ಯೂಟರಿನ ಮುಂದೆ ಕೂತ.

"ಯಾವ ಅಕ್ಷರ ಅಂತ ಇದಕ್ಕೆ ಗೊತ್ತಿದೆ ಅತ್ತೆ, ಅದರ ಆಕಾರ ಗೊತ್ತಿಲ್ಲ. ಅದಕ್ಕೇ ಚೌಕ. ನೋಡಿ, ರಷ್ಯನ್ ಬರುತ್ತೆ. ಗ್ರೀಕ್ ಅಂತೂ ಎಷ್ಟು ಮುದ್ದಾಗಿ ಬರುತ್ತೆ!"

ಕಂಚಕ್ಕನ ತಾಳ್ಮೆಯ ಕಟ್ಟೆ ಒಡೆಯಿತು. "ಗ್ರೀಕರು ಬಂದು ನಮ್ಮತ್ರ ಹಲ್ಲು ಕೀಳಿಸ್ಕೋತಾರೇನೋ? ನಮ್ಮ ಅಕ್ಷರ ತಂದು ಹಾಕೋ ಮೊದಲು!"

ಏಕವಚನ! ಬೆಂಚುಗಳ ಮೇಲಿನ ಊದಿದ ಕೆನ್ನೆಗಳೆಲ್ಲ ಇತ್ತ ತಿರುಗಿದವು. ಕಂಚಕ್ಕ ಬಾಯಿ ಮುಚ್ಚಿಕೊಂಡಳು. ಅಳಿಯ ಕಿಸಕ್ಕನೆ ನಕ್ಕ. "ಚೌಕ ಕಂಡ ಕೂಡಲೇ ಫೋನ್ ಮಾಡಿ ಹೀಗೆ ಬೈಯ್ಬಾರದಿತ್ತಾ ಅತ್ತೆ? ಅದು ಬಿಟ್ಟು ಹೊಸ ಪದ್ಧತಿ ಅಂತೆ!"

ನಮ್ಮ ಅಕ್ಷರದ ಫಾಂಟ್ ಹಾಕಿದ. ಅಕ್ಷರ ಬಂತು, ಆದರೆ ಕೊಂಬುಗಳು ಮುನಿಸಿಕೊಂಡ ಸೊಸೆಯಂತೆ ದೂರ ನಿಂತಿದ್ದವು, ಒತ್ತುಗಳು ಕೆಳಗಿಳಿಯದೆ ಸಾಲಿನಲ್ಲೇ ಕೂತಿದ್ದವು. ಕಂಚಕ್ಕ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಅದನ್ನ ಬುಡಕ್ಕೆ ಅಂಟಿಸೋ, ಇದನ್ನ ಕೆಳಗೆ ಇಳಿಸೋ" ಅಂತ ಮಗ್ಗಿ ಹೇಳಿಕೊಡುವಂತೆ ಹೇಳಿದಳು. ಅಂಟಿಸುವ ಹಾಗಿರಲಿಲ್ಲ, ಕಂಪ್ಯೂಟರಿನ ಒಳಗಿನ ವ್ಯವಸ್ಥೆಯನ್ನೇ ಹೊಸದು ಮಾಡಬೇಕಾಯಿತು. ಅದು ಆಮೆಯಂತೆ ತೆವಳುತ್ತಿರುವಾಗ ಅತ್ತೆ ಕೇಳಿದಳು: "ಏನಾದ್ರೂ ತಿಂದ್ಯೇನೋ?"

"ಇಲ್ಲ. ಮನೆಗೆ ಬರ್ತೀನಿ. ಆದ್ರೆ ಅತ್ತೆ, ಒಂದು ಮಾತು. ನಿಮ್ಮ ಅಡುಗೆಗೆ ಉಪ್ಪೇ ಸಾಲಲ್ಲ."

"ಮೂರು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆಯೋ?"

ಅಳಿಯ ಹೇಳತೊಡಗಿದ. ಉಪ್ಪಿನಿಂದ ಶುರುವಾಗಿ, ಗಟ್ಟಿ ದಿಂಬಿಗೆ ಬಂದು, ಮಾವನ ಗೊರಕೆಯವರೆಗೆ ಹೋಯಿತು. ಟೀವಿಯಲ್ಲಿ ಟೈಲರಮ್ಮನ ಹೆಸರು ಕೊಂಬು ಒತ್ತು ಸಮೇತ ಬಂದು ನಿಂತಿತ್ತು. ಟೈಲರಮ್ಮ ಕೆನ್ನೆ ಹಿಡಿದುಕೊಂಡು, "ನನ್ನನ್ನ ಒಳಗೆ ಕರೀರೇ!" ಅಂತ ಕೂಗಿದರೂ ಇಬ್ಬರಿಗೂ ಕೇಳಿಸಲಿಲ್ಲ.