ಹುಲುಗಮ್ಮ ಮೊದಲು ನೀರು ಕೊಡುತ್ತಿದ್ದಳು

ಹುಲುಗಮ್ಮನ ಹೆಸರು ನನ್ನ ಕಿವಿಗೆ ಬಿದ್ದ ದಿನ ನಾನು ಕುರುಗೋಡಿನ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಮಗ್ಗುಲಾಗಿ ಬಿದ್ದುಕೊಂಡಿದ್ದೆ. ಬಾವಿಯ ಮೆಟ್ಟಿಲಲ್ಲಿ ತುಂಬಿದ ಕೊಡದ ಸಮೇತ ಜಾರಿದ್ದೆ. ಸೊಂಟ ಹಿಡಿದುಕೊಂಡು ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ. ಸ್ವಾತಂತ್ರ್ಯ ಬರುವ ಹಿಂದಿನ ವರ್ಷ ಅದು, ಮದ್ರಾಸ್ ಸರಕಾರದ ಕಾಲ. ಮದುವೆಯಾಗಿ ಗಂಡನ ಮನೆಯಲ್ಲಿ ಇನ್ನೂ ಒಂದು ಉಗಾದಿ ಕಂಡಿರಲಿಲ್ಲ ನಾನು. ಬಳ್ಳಾರಿ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಮೂಳೆ ಮುರಿದಿಲ್ಲ, ಮಲಗಿಸಿರಿ ಎಂದು ಕಳಿಸಿದ್ದರು. ಮಲಗಿದ ಸೊಸೆಯನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ನನ್ನನ್ನು ಸಿರುಗುಪ್ಪದ ತವರಿಗೆ ಕಳಿಸಿ ಮಗನಿಗೆ ಬೇರೆ ಹೆಣ್ಣು ನೋಡುವ ಮಾತು ಅತ್ತೆ ವೀರಭದ್ರಮ್ಮನವರ ಬಾಯಲ್ಲಿ ಆಗಲೇ ಬಂದಿತ್ತು.

ಬಳೆ ತೊಡಿಸಲು ಬಂದ ಜಂಬಮ್ಮ ನನ್ನ ಅವಸ್ಥೆ ನೋಡಿದಳು. "ಬಾದನಹಟ್ಟಿ ಹುಲುಗಮ್ಮಗ ತೋರ್ಸಿಲ್ಲೇನ್ರಿ? ಆಕಿ ಕೈ ಇಟ್ಲಂದ್ರ ಎಂಥಾ ಮೈನೂ ಸಡ್ಲ ಬಿಡ್ತೈತಿ."

"ಏ, ಆಕಿ ಹೊರಕೇರಿಯಾಕಿ! ನನ್ನ ಸೊಸಿ ಮೈ ಮುಟ್ಟಬೇಕೇನು?" ಎಂದರು ಅತ್ತೆ.

"ಹಂಗಾರ ನೀವಾ ಎಬ್ಬಿಸಿ ನಿಂದರಸ್ರಿ ಅಮ್ಮಾರೇ, ನೋಡೂಣು," ಎನ್ನುತ್ತಾ ಜಂಬಮ್ಮ ಬಳೆಯ ಮಲಾರ ಹೆಗಲಿಗೇರಿಸಿ ಎದ್ದುಬಿಟ್ಟಳು.

ಕೊನೆಗೆ ಅತ್ತೆ ಒಂದು ಹೆಜ್ಜೆ ಇಳಿದರು. ಹುಲುಗಮ್ಮ ನಮ್ಮ ದನದ ಕೊಟ್ಟಿಗೆಗೆ ಬಂದು ನೋಡಲಿ ಎಂದರು. ಕರೆಯಲು ಹೋದ ನನ್ನ ಯಜಮಾನರು ಎರ್ರಿಸ್ವಾಮಿ ಒಬ್ಬರೇ ವಾಪಸು ಬಂದರು. ಹುಲುಗಮ್ಮ ಅವರಿಗೆ ಹೇಳಿದ್ದು ಇಷ್ಟೇ: "ಕೊಟ್ಟಿಗ್ಯಾಗ ದನ ನೋಡ್ತೀನ್ರಿ. ಮನಷ್ಯಾರನ್ನ ನನ್ನ ಚಾಪಿ ಮ್ಯಾಲ ನೋಡ್ತೀನಿ."

ಗಾಡಿಗೆ ಹುಲ್ಲು ಹಾಸಿ ನನ್ನನ್ನು ಮಲಗಿಸಿಕೊಂಡು ಹೊರಟರು. ಅತ್ತೆ ಕಾವಲಿಗೆಂದು ತಾವೂ ಹತ್ತಿದರು.

ಹುಲುಗಮ್ಮ ಎತ್ತರದ ಹೆಂಗಸು. ಗುಡಿಸಲ ಮುಂದೆ ಸಾರಿಸಿದ ಅಂಗಳ, ಅದರ ಮೇಲೆ ಈಚಲ ಚಾಪೆ. ನನ್ನನ್ನು ಕೂರಿಸಿ, ತನ್ನ ಗಡಿಗೆಯ ನೀರನ್ನು ತಂಬಿಗೆಗೆ ಬಗ್ಗಿಸಿ ಮುಂದೆ ಹಿಡಿದಳು.

"ನೋವು ಸೊಂಟಕ್ಕ ಐತಿ, ಬಾಯಿಗಲ್ಲ," ಎಂದರು ಅತ್ತೆ.

"ಗೊತ್ತೈತ್ರಿ ಅಮ್ಮಾರೇ. ನನ್ನ ಕೈ ಅಂದ್ರ ಹೇಸ್ಕೊಂಡು ಮೈ ಬಿಗಿ ಹಿಡದ್ರ ಒಳಗಿನ ಗಂಟು ನನಗ ಸಿಗಂಗಿಲ್ಲ. ಈ ನೀರು ಕುಡದ್ರ ಅರ್ಧ ಬಿಗಿ ಹೋಕ್ಕೈತಿ. ಉಳದರ್ಧಕ್ಕ ನಾನು ಅದೀನಿ."

ಯಾರೇ ಹೊಸಬರು ಬರಲಿ, ಗೌಡರಿರಲಿ ಶೆಟ್ಟರಿರಲಿ, ಮೊದಲು ನೀರು. ಕುಡಿಯದವರನ್ನು ಆಕೆ ಮುಟ್ಟುತ್ತಿರಲಿಲ್ಲ.

"ಕುಡದ್ಯೋ, ನನ್ನ ಅಡಿಗಿಮನಿ ಹೊಸ್ತಿಲ ದಾಟಬ್ಯಾಡ ನೋಡು!" ಎಂದರು ಅತ್ತೆ.

"ಈಗೂ ದಾಟಾಕ ಎಲ್ಲಿ ಆಗ್ತೈತ್ರಿ ಅತ್ತಿ," ಎಂದು ಕುಡಿದೆ. ನಮ್ಮ ಯಜಮಾನರು ಎತ್ತಿನ ಕಡೆ ಮುಖ ತಿರುಗಿಸಿ ನಕ್ಕರು.

ಆಮೇಲೆ ಹುಲುಗಮ್ಮ ನೋವಿದ್ದ ಜಾಗಕ್ಕೆ ಕೂಡಲೇ ಕೈ ಹಾಕಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿ, ಭಾರ ಯಾವ ಕಾಲಿಗೆ ಬೀಳುತ್ತದೆಂದು ನೋಡಿದಳು. ಕೊಡ ಯಾವ ಸೊಂಟಕ್ಕೆ ಹೊರುತ್ತೀರಿ, ಯಾವ ಮಗ್ಗುಲಿಗೆ ನಿದ್ದೆ, ಮುಟ್ಟು ಸರಿಯಾಗಿದೆಯೇ, ಕಾಲು ಜೋಮು ಹಿಡಿಯುತ್ತದೆಯೇ ಎಂದೆಲ್ಲ ಕೇಳಿದಳು. "ಮುರಿದಿಲ್ಲ ಅಂತ ಡಾಕ್ಟರು ಹೇಳ್ಯಾರಲ್ಲ? ಹೇಳಿರದಿದ್ರ ನಾ ಮುಟ್ತಿದ್ದಿಲ್ರಿ," ಎಂದಳು. ಹಿಮ್ಮಡಿಯಿಂದ ಶುರುಮಾಡಿ ಮೊಣಕಾಲು, ಪಕ್ಕೆ, ಕುತ್ತಿಗೆವರೆಗೆ ಬಿಸಿ ಔಡಲೆಣ್ಣೆಯ ಕೈ ಮೆಲ್ಲಗೆ ನಡೆಯಿತು. ಕೆಲವು ಕಡೆ ಕೈ ಸುಮ್ಮನೆ ಕೂತಿರುತ್ತಿತ್ತು, ಏನೋ ಕೇಳಿಸಿಕೊಳ್ಳುವ ಹಾಗೆ. "ಉಸಿರು ಬಿಡ್ರಿ... ಇನ್ನೂ ಬಿಡ್ರಿ..." ನಾನು ಪೂರ್ತಿ ಬಿಟ್ಟ ಗಳಿಗೆಯಲ್ಲಿ ಸೊಂಟವನ್ನು ಒಂದಿಷ್ಟೇ ತಿರುಗಿಸಿದಳು. ಒಳಗೆ ಚಟಕ್ಕೆಂದಿತು. ಅತ್ತೆ ಕೂಗಿಕೊಂಡರು, ನಾನಲ್ಲ.

"ಇದನ್ನೆಲ್ಲಾ ಎಲ್ಲಿ ಕಲ್ತಿ ನೀನು?" ಎಂದರು ನಮ್ಮ ಯಜಮಾನರು.

"ಸತ್ತ ದನ ಹೊರೋ ಮನಿತನ್ರಿ ನಮ್ದು. ಯಾವ ಮೂಳಿ ಯಾವುದಕ್ಕ ಕೂಡ್ತೈತಿ ಅಂತ ನಮ್ಮಪ್ಪ ಒಂದೊಂದಾ ಕೈಯಾಗ ಕೊಟ್ಟು ತೋರ್ಸ್ಯಾನ. ನಿಮ್ಮಂಥಾರ ಮನಿ ದನಾನಾ ಅವು." ಹೇಳುವಾಗ ತಲೆ ಒಂದು ಎಳೆಯೂ ತಗ್ಗಲಿಲ್ಲ. ಆ ನಿಲುವು ನೆನೆದರೆ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಹೊರಡುವಾಗ ಹೇಳಿ ಕಳಿಸಿದಳು: ನಾಳೆ ಮೈಯೆಲ್ಲ ಬಡಿದ ಹಾಗೆ ನೋಯುತ್ತದೆ, ಹೆದರಬಾರದು. ಒಂದೇ ಸಲಕ್ಕೆ ಹೋಗುವ ನೋವಲ್ಲ, ಮತ್ತೆ ಬರಬೇಕು. ಮಲಗಿಯೇ ಇರಬಾರದು, ದಿನಾ ಸ್ವಲ್ಪ ಸ್ವಲ್ಪ ನಡೆಯಬೇಕು. ಕಾಲು ಸತ್ತಂತಾದರೆ ಇಲ್ಲವೆ ಮೂತ್ರ ಕಟ್ಟಿದರೆ ತನ್ನ ಹತ್ತಿರ ಬರದೆ ನೇರ ಬಳ್ಳಾರಿ ಆಸ್ಪತ್ರೆಗೆ ಹೋಗಬೇಕು.

ಹೇಳಿದ ಹಾಗೇ ಮರುದಿನ ನೋವಿಗೆ ಕಣ್ಣೀರು ಹಾಕಿದೆ. ಮತ್ತೆ ಹೋದೆ, ಮತ್ತೊಮ್ಮೆ ಹೋದೆ. ಉಗಾದಿಗೆ ಮೊದಲು ಬಾವಿಯಿಂದ ನಾನೇ ನೀರು ತಂದೆ, ಹುಲುಗಮ್ಮ ಹೇಳಿದಂತೆ ಈಗ ಬಲಸೊಂಟದ ಮೇಲೆ. ತುಂಬಿದ ಕೊಡ ನೋಡಿ ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ಗಳಿಗೆ ಹೊತ್ತು ನಿಂತಿದ್ದು, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ತವರಿಗೆ ಕಳಿಸುವ ಮಾತು ಅಲ್ಲಿಗೇ ನಿಂತಿತು. ಮುಂದಿನ ಚಳಿಗಾಲ ಅತ್ತೆಯ ತೋಳೇ ಮೇಲೇಳದೆ ತಲೆ ಬಾಚಿಕೊಳ್ಳಲೂ ಆಗದಾಯಿತು. ಯಾರಿಗೂ ಹೇಳದೆ ಮಗನ ಜೊತೆ ಬಾದನಹಟ್ಟಿಗೆ ಹೋಗಿಬಂದರು. ತಂಬಿಗೆ ಪೂರ್ತಿ ಖಾಲಿ ಮಾಡಿದರಂತೆ. ಕೇಳಿದರೆ, "ಬಿಸಲಾಗ ಬಾಯಾರಿತ್ತು ಬಿಡು," ಎಂದರು. ಚಳಿಗಾಲದಲ್ಲಿ!

ಅಲ್ಲಿಂದ ಹುಲುಗಮ್ಮ ಕುರುಗೋಡಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದಳು. ಆದರೆ ಕಟ್ಟೆಯ ಕೆಳಗೇ ನಿಲ್ಲುತ್ತಿದ್ದಳು. ಊರಿನ ಪದ್ಧತಿಯಂತೆ ನಾವು ಮೇಲಿನಿಂದ ನೀರು ಹೊಯ್ಯುತ್ತಿದ್ದೆವು, ಆಕೆ ಬೊಗಸೆ ಒಡ್ಡಿ ಕುಡಿಯುತ್ತಿದ್ದಳು. ಒಳಗೆ ಬರುತ್ತೇನೆಂದು ಒಂದು ದಿನವೂ ಬಾಯಿಬಿಟ್ಟು ಅಂದವಳಲ್ಲ.

ಬಳ್ಳಾರಿ ಮೈಸೂರಿಗೆ ಸೇರಿದ ವರ್ಷದ ಬೇಸಿಗೆಯಲ್ಲಿ ಕೊನೆಯ ಸಲ ಬಂದಳು. ಮೈ ಇಳಿದುಹೋಗಿತ್ತು. ಅಷ್ಟು ಜನರನ್ನು ನೆಟ್ಟಗೆ ನಿಲ್ಲಿಸಿದ ಕೈಗಳು ನಡುಗುತ್ತಿದ್ದವು, ಹೊಯ್ದ ನೀರು ಬೊಗಸೆಯಲ್ಲಿ ನಿಲ್ಲಲಿಲ್ಲ. ಒಳಗಿನಿಂದ ಅತ್ತೆ, "ಯಾರವರು?" ಎಂದರು. ಹುಲುಗಮ್ಮ ಎಂದೆ. ಸ್ವಲ್ಪ ಹೊತ್ತಿಗೆ ಪಡಸಾಲೆಯಲ್ಲಿ ಅತ್ತೆ ಚಾಪೆ ಬಿಡಿಸಿದ ಸದ್ದು ಕೇಳಿಸಿತು.

ಹುಲುಗಮ್ಮನಿಗೂ ಕೇಳಿಸಿತು. ಅಂದು ಆಮೇಲೆ ಆಕೆ ಕುಡಿದ ಹಿತ್ತಾಳೆಯ ತಂಬಿಗೆಯಲ್ಲೇ ನಾನು ಇವತ್ತಿಗೂ ನೀರು ಕುಡಿಯುವುದು. ಹುಲುಗಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದು, ನಮ್ಮ ಹೊಸ್ತಿಲ ಕಡೆ ನೋಡುತ್ತಾ ಕೇಳಿದಳು:

"ಸುವರ್ಣವ್ವ, ನೀನು ಕುಡಿಯೋ ತಂಬಿಗ್ಯಾಗ ಕೊಡು. ಒಳಗ ಕುಂತು ಕುಡಿತೀನಿ."