ತಣ್ಣಗಿದ್ದ ಹಣೆ

ಹಣೆ ಮುಟ್ಟಿ ಜ್ವರ ನೋಡುವಾಗ ನಮ್ಮ ಮನೆಯವರಿಗಿರುವ ಆತ್ಮವಿಶ್ವಾಸ ಥರ್ಮಾಮೀಟರಿಗೂ ಇಲ್ಲ. ಅಂಗೈ ಅಲ್ಲ, ಮುಂಗೈ ಇಡಬೇಕು, ಎರಡು ಕ್ಷಣ ಸೂರು ದಿಟ್ಟಿಸಬೇಕು, ಆಮೇಲೆ ತೀರ್ಪು. ಶಿವಮೊಗ್ಗದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ನಾನೂ ಈ ವಿದ್ಯೆಯಲ್ಲಿ ಪಾರಂಗತನೆಂದೇ ಭಾವಿಸಿದ್ದೆ. ಈಗ ತಣ್ಣಗಿರುವ ಹಣೆಯೆಂದರೆ ನನಗೆ ಅನುಮಾನ.

ಭದ್ರಾವತಿಯ ನ್ಯೂಟೌನಿನಲ್ಲಿದ್ದ ನನ್ನ ಅಕ್ಕ ಸುಮಳಿಗೆ ಡೆಂಗ್ಯೂ ಬಂದಿತ್ತು. ಐದನೆಯ ದಿನ ಬೆಳಿಗ್ಗೆ ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಮನೆಗೆ ಭಾವ ಫೋನ್ ಮಾಡಿದರು. "ಜ್ವರ ಪೂರ್ತಿ ಬಿಡ್ತು ಮಾರಾಯ! ಇವತ್ತು ತಲೆಗೆ ನೀರು ಹಾಕ್ತೀವಿ. ಮೆಣಸಿನ ಸಾರು ಮಾಡಿದೆ, ನೀನೂ ಬಾ."

ಜ್ವರ ಬಿಟ್ಟವರ ತಲೆಗೆ ಬಿಸಿನೀರು ಹಾಕಿದರೆ ಕಾಯಿಲೆಯನ್ನು ಬೀಳ್ಕೊಟ್ಟಂತೆ, ನಮ್ಮಲ್ಲಿ. ಬಸ್ಸು ಹಿಡಿದು ಹೋದೆ. ಮುಂಗೈಯಿಟ್ಟೆ. ತಣ್ಣಗಿತ್ತು.

"ಹೊಟ್ಟೆ ಯಾಕೋ ನೋಯ್ತಿದೆ ಕಣೋ" ಎಂದಳು ಅಕ್ಕ.

"ಐದು ದಿನ ಬರೀ ಗಂಜಿ ಕುಡಿದ್ರೆ ಇನ್ನೇನಾಗತ್ತೆ? ಏಳು, ಸ್ನಾನ ಮಾಡು."

"ಲೆಕ್ಚರರ್ ಸಾಹೇಬ್ರು ಹೇಳಿದ್ಮೇಲೆ ಮುಗೀತು" ಎಂದು ನಕ್ಕು ಎದ್ದವಳು ಬಚ್ಚಲಿನಲ್ಲಿ ಕುಸಿದಳು. ಕೈಕಾಲು ಮಂಜುಗಡ್ಡೆ. ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ನಾಡಿ ಸಿಗುತ್ತಿರಲಿಲ್ಲ.

"ಇದ್ರಲ್ಲಿ ಜ್ವರ ಇಳಿದಾಗ್ಲೇ ರೀ ಅಪಾಯ. ಹೊಟ್ಟೆನೋವು ಅಂತ ಹೇಳ್ಲಿಲ್ವಾ ಇವ್ರು?" ಎಂದರು ಡಾಕ್ಟರು. ಭಾವ ನನ್ನ ಮುಖ ನೋಡಿದರು.

ವಾರ್ಡಿನ ಹೊರಗಿನ ಬೆಂಚಿನಲ್ಲಿ ಕುಳಿತವನಿಗೆ ನನ್ನದೇ ಪಾಠ ನೆನಪಾಯಿತು. ವೈರಸ್ಸಿಗೆ ಸ್ವಂತ ಮನೆಯಿಲ್ಲ, ಅಡುಗೆಯಿಲ್ಲ. ಜೀವಕೋಶದೊಳಗೆ ಹೊಕ್ಕು ಅಲ್ಲಿನ ಸಂದೇಶಗಳನ್ನೇ ತಿರುಚಿ ಬಾಳುತ್ತದೆ. ಸೋಂಕು ತಗುಲಿದ ಕೋಶ ನೆರೆಹೊರೆಯನ್ನು ಕೂಗಿ ಎಚ್ಚರಿಸಬೇಕು. ಆ ಕೂಗನ್ನು ವೈರಸ್ಸು ಗಂಟಲಲ್ಲೇ ಅದುಮುತ್ತದೆ. ಕೆಟ್ಟ ಕೋಶ ತಾನಾಗಿ ಸಾಯಬೇಕು. ಇದು ಆ ಆಜ್ಞೆಯನ್ನು ತಡೆದು, ಬದುಕಿರೆಂಬ ಸಂದೇಶ ಕೊಡಿಸಿ, ಆ ಬಿಡುವಿನಲ್ಲಿ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ತಡವಾಗಿ ಎಚ್ಚೆತ್ತ ದೇಹ ಎಲ್ಲ ಕಡೆಯಿಂದ ಒಮ್ಮೆಲೇ ಕೂಗತೊಡಗಿದರೆ, ಆ ಗದ್ದಲಕ್ಕೇ ರಕ್ತನಾಳಗಳ ಗೋಡೆ ಸಡಿಲಾಗಿ ರಕ್ತದ ನೀರು ಸೋರುತ್ತದೆ. ಇದನ್ನೆಲ್ಲ ಬಣ್ಣದ ಸೀಮೆಸುಣ್ಣದಲ್ಲಿ ಬಾಣ ಹಾಕಿ ಬರೆದವನೇ ನಾನು. ಅಕ್ಕನ ಕೂಗನ್ನು ಅದುಮಲು ಮಾತ್ರ ಯಾವ ವೈರಸ್ಸೂ ಬೇಕಾಗಲಿಲ್ಲ.

ಎರಡು ದಿನ ಸಲೈನ್ ಬಾಟಲಿಯ ಹನಿಗಳನ್ನೇ ನೋಡುತ್ತಾ ಕಳೆದೆವು. ಮೂರನೆಯ ದಿನ ಅಪಾಯ ಕಳೆಯಿತೆಂದು ಡಾಕ್ಟರು ಹೇಳಿದರೂ ನಾನು ನಂಬಲಿಲ್ಲ.

"ಮನೆಗೆ ಹೋಗಣ ಕಣೋ, ಪೂರ್ತಿ ಹುಷಾರಾಗಿದೀನಿ" ಎಂದಳು ಅಕ್ಕ.

ಕೈ ತಾನಾಗಿ ಅವಳ ಹಣೆಯತ್ತ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. "ಎಲ್ಲೆಲ್ಲಿ ನೋಯ್ತಿದೆ, ಹೇಳು."

ಸೂಜಿ ಚುಚ್ಚಿದ ಕೈಯಿಂದ ಆರಂಭಿಸಿ ಸೊಂಟ, ಮೊಣಕಾಲು, ಅತ್ತೆ ಆಡಿದ ಮಾತಿನವರೆಗೆ ಅಕ್ಕ ಅರ್ಧ ಗಂಟೆ ಹೇಳಿದಳು. ನಾನು ನಡುವೆ ಬಾಯಿ ಹಾಕಲಿಲ್ಲ.