ಮೀಸೆ ಬರುವಷ್ಟು ದಿನ

ಮನೋರೋಗಿಗಳ ಆಸ್ಪತ್ರೆಯ ಚರಿತ್ರೆಯನ್ನು ವೈದ್ಯರ ಹೆಸರುಗಳಿಂದ ಕಟ್ಟುವುದು ರೂಢಿ. ನಮ್ಮ ಆಸ್ಪತ್ರೆಯ ಚರಿತ್ರೆ ಬರೆಯುವವರು ಮಾತ್ರ ಹಿಂದಿನ ಅಂಗಳದ ನಲ್ಲಿಯ ಪಕ್ಕದ ಕೋಣೆಗೂ, ಅಲ್ಲಿ ಒಂದು ಕುರ್ಚಿ, ಒಂದು ಕೈಗನ್ನಡಿ ಇಟ್ಟುಕೊಂಡು ಸೇವೆ ಸಲ್ಲಿಸಿ ಈಗ ನಿವೃತ್ತರಾಗುತ್ತಿರುವ ಕ್ಷೌರಿಕರಿಗೂ ಒಂದು ಅಧ್ಯಾಯ ಮೀಸಲಿಡಬೇಕು. ವಾರ್ಡಿನವರಿಗೆಲ್ಲ ಅವರು ಕನ್ನಡಿ ಮಾವ.

ಸೇರಿದ ಹೊಸದರಲ್ಲಿ ಮಾವನವರಿಗೆ ಉತ್ಸಾಹ ಹೆಚ್ಚು. ಯಾರ ತಲೆ ಮುಟ್ಟುವ ಮುನ್ನವೂ ಕೈಮುಗಿಯುತ್ತಿದ್ದರು. ಒಳಗೆ ದೇವರು ಕೂತಿದ್ದಾನೆ, ಅಂಗಳ ಗುಡಿಸುವುದಷ್ಟೇ ತನ್ನ ಪಾಲು ಎನ್ನುತ್ತಿದ್ದರು. ಆಗ ವಾರ್ಡಿನಲ್ಲಿ ಗಡಿಯಾರ ರಿಪೇರಿಯವರೊಬ್ಬರಿದ್ದರು. ಕಾಯಿಲೆ ಇಳಿದಿತ್ತು, ಮಾತು ಮರಳಿರಲಿಲ್ಲ. ಮನೆಗೆ ಕರೆದೊಯ್ಯುವುದೋ ಬೇಡವೋ ಎಂದು ನೋಡಲು ಮಗಳು ಬರುವವಳಿದ್ದಳು. ಮಾವನವರು ಬೆಳಿಗ್ಗೆಯೇ ಅವರನ್ನು ಕೂರಿಸಿ, ಗಡ್ಡದ ಜೊತೆಗೆ ಪೊದೆಮೀಸೆಯನ್ನೂ ನುಣ್ಣಗೆ ಬೋಳಿಸಿ, ಹೆಮ್ಮೆಯಿಂದ ಕನ್ನಡಿ ಹಿಡಿದರು. ರಿಪೇರಿಯವರು ಮೇಲ್ದುಟಿ ಮುಟ್ಟಿ ನೋಡಿಕೊಂಡರು. ಆಮೇಲೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದವರು ಮಗಳು ಬಂದು ಎಷ್ಟು ಕರೆದರೂ ತಿರುಗಲಿಲ್ಲ. ಅಪ್ಪನಿಗೆ ತಾನು ಬೇಡವಾದೆ ಎಂದುಕೊಂಡು ಅವಳು ಹೊರಟುಬಿಟ್ಟಳು.

ಮಾವನವರು ಗೇಟಿನ ತನಕ ಓಡಿದರು. “ತಪ್ಪು ಅವರದ್ದಲ್ಲಮ್ಮ, ನನ್ನ ಕತ್ತೀದು. ಮೀಸೆ ಬರೋವಷ್ಟು ದಿನ ಕೊಡು.”

ಅವಳು ಒಬ್ಬಳೇ ಆಟೋ ಹತ್ತಿದಳು.

ಹೆಡ್ ನರ್ಸಕ್ಕ ಆ ದಿನ ಅವರನ್ನು ಸುಮ್ಮನೆ ಬಿಡಲಿಲ್ಲ. “ದೇವರು ದೇವರು ಅಂತ ಕೈಮುಗಿದ್ರಿ. ದೇವರಿಗೆ ಏನು ಬೇಕು ಅಂತ ಒಂದ್ಸಲ ಕೇಳಿದ್ರಾ ಮಾವ?”

ಮಾತು ಮುಳ್ಳಿನಂತೆ ನಾಟಿತು. ಮರುದಿನದಿಂದ ಮಾವನವರು ತಾವೇ ಕುರ್ಚಿಯಲ್ಲಿ ಕೂತು, ಬಾಚಣಿಗೆಯನ್ನು ರಿಪೇರಿಯವರ ಕಡೆ ಚಾಚತೊಡಗಿದರು. ವಾರ್ಡಿನವರು, ಮಾವನಿಗೂ ಒಂದು ಹಾಸಿಗೆ ಹಾಕಿಸಿ ಎಂದು ನಕ್ಕರು. ರಿಪೇರಿಯವರು ಕದಲಲಿಲ್ಲ. ಮಗಳ ಸುದ್ದಿಯೂ ಇಲ್ಲ. ಮೀಸೆ ಚಿಗುರಿ ತುಟಿ ಮುಚ್ಚುವ ಹೊತ್ತಿಗೆ ಒಂದು ಬೆಳಿಗ್ಗೆ ಅವರು ಎದ್ದು ಬಂದು ಬಾಚಣಿಗೆ ತೆಗೆದುಕೊಂಡರು. ಮಾವನವರ ಬೈತಲೆಯನ್ನು ಎಂದೂ ಇಲ್ಲದ ಕಡೆ ತೆಗೆದು, ಗಡಿಯಾರದೊಳಗಿನ ಧೂಳಿಗೆ ಊದುವಂತೆ ಅವರ ಕುತ್ತಿಗೆಯ ಮೇಲೆ ಉಫ್ ಎಂದು ಊದಿದರು. ಆಮೇಲೆ ಕತ್ತರಿಗೆ ಕೈಚಾಚಿದರು. ರೋಗಿಯ ಕೈಗೆ ಕತ್ತರಿ ಕೊಡಬಾರದೆಂದು ಮಾವನವರಿಗೆ ಗೊತ್ತು. ಆದರೂ ಕೊಟ್ಟರು, ಕನ್ನಡಿಯನ್ನೂ ಹಿಡಿದರು.

ಮೀಸೆ ಬಂದಿರಬಹುದೆಂದು ಎಣಿಸಿ ಆ ವಾರವೇ ಮಗಳು ಬಂದಳು, ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತಳು. ಈ ಸಲ ಅಪ್ಪ ತಿರುಗಿದರು.

“ಮೀಸೆ ವಾರೆ ಆಗಿದೆಯಲ್ಲಪ್ಪ,” ಎಂದಳು, ಅಳುತ್ತ.

“ಇರಲಿ. ನಾನೇ ಕತ್ತರಿಸ್ಕೊಂಡದ್ದು.”

ಆ ಸಂಜೆ ಇಬ್ಬರೂ ಒಂದೇ ಆಟೋದಲ್ಲಿ ಮನೆಗೆ ಹೋದರು.

ಅಂದಿನಿಂದ ನಮ್ಮಲ್ಲಿ ಅದೇ ಪದ್ಧತಿ: ಮೊದಲು ಮಾವನವರು ಕೂರುತ್ತಾರೆ, ಬಂದವರು ಅವರ ತಲೆ ಬಾಚುತ್ತಾರೆ, ಆಮೇಲೆ ಕುರ್ಚಿ ಬದಲಾಗುತ್ತದೆ. ಕೈಮುಗಿಯುವುದನ್ನು ಅವರು ಬಿಟ್ಟಿಲ್ಲ, ಕೈಮುಗಿದ ಮೇಲೆ “ಹೇಗಿರಲಿ?” ಎಂದು ಕೇಳಿ, ಉತ್ತರ ಬರುವ ತನಕ ಕಾಯುತ್ತಾರೆ. ಈಗ ಮಾವನವರ ತಲೆಯಲ್ಲಿ ಬಾಚಲು ಏನೂ ಉಳಿದಿಲ್ಲ. ಆದರೂ ವಾರ್ಡಿನವರು ಬಾಚುವುದನ್ನು ಬಿಟ್ಟಿಲ್ಲ, ಅವರು ತಲೆ ಬಗ್ಗಿಸುವುದನ್ನೂ ಬಿಟ್ಟಿಲ್ಲ.

ಮಾವನವರು ನೂರು ವರ್ಷ ಬಾಳಲಿ. ಮುಂದಿನ ವಾರದಿಂದ ಸಂಬಳವಿಲ್ಲದೆಯೂ ಬರುತ್ತೇನೆಂದು ಅವರು ಹೇಳಿದ್ದಾರೆ. ಕುರ್ಚಿ ಅಲ್ಲೇ ಇರುತ್ತದೆ. ಮೊದಲು ಅವರೇ ಕೂರಲಿ.